ಆಗಸ್ಟ್ ಮೂವತ್ತೊಂದರವರೆಗೆ

ನರ್ಸರಿಯ ಬಾಗಿಲಲ್ಲಿ ಕೂತು ಮಗಳ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ ಲೋರ್ನಾಳಿಗೆ ಗೇನರ್ ಹೇಳಿದ ಮಾತು ಮೊದಲು ಕಿವಿಗೆ ಬಿತ್ತು, ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಟಿಲ್ಲಿದು ಆಗಸ್ಟ್ ಮೂವತ್ತೊಂದಕ್ಕೆ ಮುಗೀತು ಅಲ್ವಾ? ಅವಳ ಕೋಟಿನ ಗೂಟದ ಮೇಲಿರೋ ಆಮೆ ಚಿತ್ರ ಕಿತ್ತು ಕೊಡ್ತೀನಿ, ಮನೇಲಿಟ್ಕೊಳ್ಳಿ. ಹುಟ್ಟಿದ ಒಂದು ವರ್ಷಕ್ಕೇ ಬಂದೋಳು, ಪಾಪ."

ಗೇನರ್ ಈ ನರ್ಸರಿಯನ್ನು ಹದಿನೆಂಟು ವರ್ಷದಿಂದ ನಡೆಸುತ್ತಿರುವವಳು. ಬಂದರು ಊರಾದ ಗ್ರಿಮ್ಸ್‌ಬಿಯ ಈ ಭಾಗದ ಅರ್ಧ ಮಕ್ಕಳ ಮೂಗು ಒರೆಸಿದ ಕೈ ಅವಳದು. ಅವಳು ತಾರೀಖು ತಪ್ಪಿ ಹೇಳುವವಳಲ್ಲ ಎಂಬುದು ಲೋರ್ನಾಳಿಗೆ ಗೊತ್ತು. ಪಟ್ಟಿ ಬಿಟ್ಟು ತಲೆ ಎತ್ತಿದಳು.

"ಮೂವತ್ತೊಂದಲ್ಲ ಗೇನರ್. ಶಾಲೆ ಪೂರ್ತಿ ದಿನ ಶುರುವಾಗೋದು ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ. ಅಲ್ಲೀವರೆಗೂ ಇಲ್ಲೇ ಬರ್ತಾಳೆ."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ದುಡಿಯುವವರ ಮಕ್ಕಳಿಗೆ ವಾರಕ್ಕೆ ಮೂವತ್ತು ಗಂಟೆಯ ನರ್ಸರಿ ಖರ್ಚನ್ನು ಸರ್ಕಾರ ಕೊಡುತ್ತದೆ, ಮಗು ಶಾಲೆಗೆ ಸೇರುವ ತನಕ. ಸೇರುವುದು ಎಂದರೆ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಮೂರೂಕಾಲಕ್ಕೆ ಕರೆತರುವುದು ಎಂದು ಲೋರ್ನಾ ತಾನೇ ಅರ್ಥ ಮಾಡಿಕೊಂಡಿದ್ದಳು. ಮೂರು ತಿಂಗಳಿಗೊಮ್ಮೆ ಸರ್ಕಾರದ ಜಾಲತಾಣಕ್ಕೆ ಹೋಗಿ, ಹೌದು ನಾನಿನ್ನೂ ದುಡಿಯುತ್ತಿದ್ದೇನೆ, ಹೌದು ನನ್ನ ಗಂಡನೂ ದುಡಿಯುತ್ತಿದ್ದಾನೆ ಎಂದು ಒತ್ತುವುದನ್ನು ಅವಳು ಒಮ್ಮೆಯೂ ಮರೆತಿರಲಿಲ್ಲ. ಅಷ್ಟು ನಿಯತ್ತಾಗಿದ್ದವಳಿಗೆ ಇಷ್ಟು ದೊಡ್ಡದು ತಪ್ಪಿಹೋಗಬಹುದೆಂದು ಅನಿಸಿರಲೇ ಇಲ್ಲ.

"ನೋಡು ಚಿನ್ನ," ಎಂದಳು ಗೇನರ್, ಧ್ವನಿ ತಗ್ಗಿಸಿ. "ಶಾಲೇಲಿ ಸೀಟು ತಗೊಂಡ ಮೇಲೆ ಸೆಪ್ಟೆಂಬರ್ ಒಂದರಿಂದ ಅವಳು ಶಾಲೆ ಹುಡುಗಿ. ಅವಳ ಗಂಟೆಗಳ ದುಡ್ಡು ನನಗೆ ಬರಲ್ಲ."

"ಮೂರು ವಾರ ತಾನೆ? ಕೈಯಿಂದ ಕೊಡ್ತೀನಿ."

"ಕೊಡ್ತೀಯ. ಕೂರಿಸೋಕೆ ಜಾಗ ಬೇಕಲ್ಲ? ಸೆಪ್ಟೆಂಬರಿಂದ ಒಂಬತ್ತು ತಿಂಗಳ ಕೂಸುಗಳಿಗೂ ಮೂವತ್ತು ಗಂಟೆ ಅಂತ ಆಗಿದೆ. ನನ್ನ ಕೆಲಸದ ಹುಡುಗೀರಿಬ್ಬರನ್ನ ಕೂಸುಗಳ ಕೋಣೆಗೆ ಹಾಕಿದೀನಿ. ದೊಡ್ಡ ಮಕ್ಕಳಿಗೆ ಎಂಟಕ್ಕೊಬ್ಬರು ಇರ್ಲೇಬೇಕು. ಒಂಬತ್ತನೇದು ಸೇರಿಸಿದ್ರೆ ಬಾಗಿಲು ಹಾಕಿಸ್ತಾರೆ."

"ಪರವಾಗಿಲ್ಲ ಗೇನರ್. ನಾನು ಏನಾದ್ರೂ ನೋಡ್ಕೋತೀನಿ," ಎಂದಳು ಲೋರ್ನಾ.

ಹೊರಗೆ ಬಂದು ಮಗಳ ಕೈ ಹಿಡಿದು ಬಂದರಿನ ಕಡೆಯ ಗಾಳಿಗೆ ಮುಖ ಕೊಟ್ಟಾಗಲೇ ಅವಳಿಗೆ ತಾನು ಏನು ಅಂದೆ ಎಂದು ಹೊಳೆದದ್ದು. ಏನಾದರೂ ನೋಡಿಕೊಳ್ಳುವುದು ಎಂದರೆ ಏನು? ನೋಡಿಕೊಳ್ಳಲು ಇರುವುದಾದರೂ ಯಾರು?

ಗಂಡ ರಸ್ಸೆಲ್ ಸಮುದ್ರದ ಗಾಳಿಯಂತ್ರಗಳಿಗೆ ಜನರನ್ನು ಒಯ್ಯುವ ಹಡಗಿನಲ್ಲಿದ್ದಾನೆ. ನಾಲ್ಕು ವಾರ ನೀರು, ನಾಲ್ಕು ವಾರ ಮನೆ. ಆಗಸ್ಟ್ ಇಪ್ಪತ್ತೇಳಕ್ಕೆ ಹೊರಟರೆ ಅವನು ಬರುವುದು ಶಾಲೆ ಸರಿಯಾಗಿ ಶುರುವಾದ ಮೇಲೆಯೇ. ಅವಳ ತಾಯಿ ಇಲ್ಲ. ಉಳಿದವಳು ಎರಡು ಬೀದಿ ಆಚೆಯ ಅತ್ತೆ ಐರಿಸ್. ಅವಳಿಗೆ ಸೆಪ್ಟೆಂಬರ್ ನಾಲ್ಕರಂದು ಸೊಂಟದ ಕೀಲು ಬದಲಿಸುವ ಆಪರೇಷನ್. ಹದಿನಾರು ತಿಂಗಳು ಕಾದು ಬಂದ ತಾರೀಖು.

ಇನ್ನು ಕೆಲಸ. ಲೋರ್ನಾ ಮನೆಮನೆಗೆ ಹೋಗಿ ಮುದುಕರನ್ನು ಎಬ್ಬಿಸಿ, ತೊಳೆದು, ಉಣ್ಣಿಸಿ ಬರುವ ಕೆಲಸದವಳು. ಹಿಂದಿನ ಕೆಲಸ ಬಿಟ್ಟು ಇದಕ್ಕೆ ಸೇರಿ ನಾಲ್ಕು ತಿಂಗಳೂ ಆಗಿಲ್ಲ. ಬೆಳಿಗ್ಗೆ ಒಂಬತ್ತೂಕಾಲರಿಂದ ಎರಡೂವರೆವರೆಗಿನ ಸುತ್ತು ಎಂದರೆ ಅಲ್ಲಿ ಎಲ್ಲ ತಾಯಂದಿರೂ ಬಾಯಿಬಿಟ್ಟುಕೊಂಡು ಕಾಯುವ ಸುತ್ತು. ಅದು ಸೆಪ್ಟೆಂಬರ್ ಮೂರರಿಂದ ಲೋರ್ನಾಳಿಗೆ ಎಂದು ಮೇಲ್ವಿಚಾರಕಿ ಡಯಾನ್ ಹೇಳಿದ್ದಳು. ಜೊತೆಗೇ ಇನ್ನೊಂದು ಮಾತೂ ಹೇಳಿದ್ದಳು: "ಮೊದಲ ದಿನದಿಂದ ಆಗುತ್ತೆ ಅಂದ್ರೆ ಮಾತ್ರ ತಗೋ. ಆಗಲ್ಲ ಅಂದ್ರೆ ಪಟ್ಟೀಲಿ ನಿನ್ನ ಹಿಂದೆ ಐದು ಜನ ಇದಾರೆ." ಆ ಸುತ್ತು ಹೋದರೆ ಉಳಿಯುವುದು ಬೆಳಗಿನ ಆರರದ್ದು ಅಥವಾ ಸಂಜೆಯದ್ದು. ಅವೆರಡೂ ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ಅಂದರೆ ಕೆಲಸವೇ ಇಲ್ಲ.

ಮನೆ ತಲುಪುವ ಹೊತ್ತಿಗೆ ಲೋರ್ನಾಳಿಗೆ ನೆನಪಾದದ್ದು ಎರಡು ವಾರದ ಹಿಂದಿನ ಮಂಗಳವಾರ. ಶಾಲೆಯ ಟೀಚರು ಮನೆಗೆ ಬಂದ ದಿನ.

ಅಲ್ಲಿ ಅದೊಂದು ಪದ್ಧತಿ. ಮಗು ಶಾಲೆಗೆ ಸೇರುವ ಮುಂಚೆ ಟೀಚರು ಮನೆಗೇ ಬಂದು ಮಗುವನ್ನು ಮಾತಾಡಿಸಿ ಹೋಗುತ್ತಾರೆ. ಮನೆ ನೋಡಲು ಬರುವುದಲ್ಲ ಎಂದು ಪತ್ರದಲ್ಲಿ ಬರೆದಿರುತ್ತಾರೆ. ಅದನ್ನು ಓದಿದ ತಾಯಂದಿರೆಲ್ಲ ಹಿಂದಿನ ದಿನ ಪರದೆ ಒಗೆಯುತ್ತಾರೆ. ಲೋರ್ನಾ ಸೋಫಾದ ಅಡಿಯನ್ನೂ ಗುಡಿಸಿದ್ದಳು. ಟಿವಿಯ ಮೇಲೆ ಮಕ್ಕಳ ಪುಸ್ತಕ ಒರಗಿಸಿಟ್ಟಿದ್ದಳು. ಮಿಸ್ ಪಿಕರಿಂಗ್ ಬಂದಳು, ಇಪ್ಪತ್ತೆಂಟರ ಹುಡುಗಿ, ಕಣ್ಣ ಕೆಳಗೆ ಕಪ್ಪು. ಟಿಲ್ಲಿ ಸೋಫಾದ ಹಿಂದೆ ಹೋಗಿ ಕೂತವಳು ಇಪ್ಪತ್ತು ನಿಮಿಷ ಆಚೆ ಬರಲಿಲ್ಲ. ನಾಚಿಕೆಯಿಂದ ಲೋರ್ನಾಳ ಕತ್ತು ಕೆಂಪಾಗಿತ್ತು.

"ಇವಳು ಆಗಸ್ಟ್ ಇಪ್ಪತ್ತೊಂಬತ್ತರಂದು ಹುಟ್ಟಿದ್ದು, ಅಲ್ವಾ?" ಎಂದು ಕೇಳಿದ್ದಳು ಮಿಸ್ ಪಿಕರಿಂಗ್. "ನಮ್ಮಲ್ಲಿ ಹೊಸದಾಗಿ ಸೇರೋರಲ್ಲಿ ದೊಡ್ಡ ಮಕ್ಕಳು ಮೊದಲು, ಚಿಕ್ಕವರು ಕೊನೇಲಿ. ದೊಡ್ಡವರದು ಮೂರನೇ ತಾರೀಖಿಂದ. ಟಿಲ್ಲಿ ಹದಿನೈದಕ್ಕೆ ಬರ್ಲಿ, ಒಂದು ವಾರ ಎಲ್ಲರ ಹಾಗೆ ಮಧ್ಯಾಹ್ನದವರೆಗೆ. ಇಪ್ಪತ್ತೆರಡರಿಂದ ಎಲ್ರಿಗೂ ಪೂರ್ತಿ ದಿನ. ನಿಮಗೆ ಇದು ಹೊಂದುತ್ತಾ?"

"ಹೊಂದುತ್ತೆ, ಹೊಂದುತ್ತೆ. ಏನೂ ತೊಂದ್ರೆ ಇಲ್ಲ," ಎಂದಿದ್ದಳು ಲೋರ್ನಾ. ಸೋಫಾದ ಹಿಂದೆ ಕೂತ ಮಗಳ ಬಗ್ಗೆ ಅವರೇನು ತಿಳಿದರೋ ಎಂಬ ಯೋಚನೆಯಲ್ಲಿ ಪ್ರಶ್ನೆ ಪೂರ್ತಿ ಕೇಳಿಸಿಕೊಂಡಿರಲೂ ಇಲ್ಲ. ಹಾಳೆಗೆ ಸಹಿ ಹಾಕಿದ್ದಳು. ಆ ಊರಿನಲ್ಲಿ ಯಾರಾದರೂ ಹೊಂದುತ್ತಾ ಎಂದು ಕೇಳಿದರೆ ಹೊಂದುತ್ತೆ ಎನ್ನುವುದು ಉತ್ತರವಲ್ಲ, ಮರ್ಯಾದೆ. ಕಾಲ ಮೇಲೆ ಕಾಲಿಟ್ಟವನಿಗೂ ತುಳಿಸಿಕೊಂಡವರೇ ಕ್ಷಮೆ ಕೇಳುವ ಜನ ಅವರು.

ಗೇನರ್ ತಾರೀಖು ಹೇಳಿದ ಆ ಬುಧವಾರ ಸಂಜೆಯೇ ಅವಳು ಐರಿಸ್ ಮನೆಗೆ ಹೋದಳು. ಹೇಳಬಾರದೆಂದೇ ಹೋಗಿದ್ದಳು. ಆದರೆ ಟಿಲ್ಲಿ ಒಳಗೆ ಕಾಲಿಡುತ್ತಲೇ, "ಅಜ್ಜೀ, ಗೇನರ್ ನನ್ನ ಆಮೆ ಕಿತ್ಹಾಕ್ತಾಳಂತೆ," ಎಂದಳು. ಆಮೇಲೆ ಎಲ್ಲ ಹೊರಬಂತು.

ಐರಿಸ್ ಎಪ್ಪತ್ತೊಂದರ ಹೆಂಗಸು. ಮೀನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಿಂತು ಕೆಲಸ ಮಾಡಿದವಳು. ಈಗ ಕುರ್ಚಿಯಿಂದ ಏಳಬೇಕಾದರೆ ಮೊದಲು ಮೇಜಿನ ಅಂಚು ಹಿಡಿದು, ಒಂದು ಬೈಗುಳ ಬೈದು, ಆಮೇಲೆ ಏಳುತ್ತಾಳೆ. ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಾಳೆ.

"ಇಷ್ಟೇ ತಾನೆ? ನಾನು ನೋಡ್ಕೋತೀನಿ. ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿ ಅಂತೀನಿ," ಎಂದಳು.

"ಮುಂದಕ್ಕೆ ಹಾಕೋದು ಅಂದ್ರೆ ಮತ್ತೆ ಸಾಲಿನ ಕೊನೇಲಿ ನಿಲ್ಸ್ತಾರೆ ಐರಿಸ್. ನಿಮ್ಮ ಗೆಳತಿಗೆ ಹಾಗೇ ಆಗ್ಲಿಲ್ವಾ?"

"ನಿಲ್ಸಿದ್ರೆ ನಿಲ್ಸ್ಲಿ. ಸೊಂಟ ಎಲ್ಲೂ ಓಡಿಹೋಗಲ್ಲ. ಓಡೋ ಹಾಗಿದ್ರೆ ಆಪರೇಷನ್ ಯಾಕೆ ಬೇಕಿತ್ತು?"

ತನ್ನ ಮಾತಿಗೆ ತಾನೇ ನಕ್ಕಳು. ಲೋರ್ನಾ ನಗಲಿಲ್ಲ.

"ನೀವು ಫೋನ್ ಮಾಡಬೇಡಿ. ಶುಕ್ರವಾರದವರೆಗೆ ಟೈಮ್ ಕೊಡಿ. ನಾನು ದಾರಿ ಹುಡುಕ್ತೀನಿ."

"ಏನು ಹುಡುಕ್ತೀಯ, ಸಮುದ್ರದಿಂದ ನನ್ನ ಮಗನ್ನ ಈಜಿಸ್ಕೊಂಡು ಕರ್ಕೊಂಡು ಬರ್ತೀಯಾ?"

ಗುರುವಾರ ಬೆಳಿಗ್ಗೆ ಮಗಳನ್ನು ಬಿಡಲು ಹೋದಾಗ ಗೇನರ್ ಅವಳ ತೋಳು ಹಿಡಿದು ಗೇಟಿನ ಪಕ್ಕಕ್ಕೆ ಎಳೆದಳು.

"ನಿನ್ನೆ ರಾತ್ರಿ ಎಲ್ಲ ನಿನ್ನ ಮುಖಾನೇ ಕಣ್ಮುಂದೆ. ಒಂದು ಮಾತು ಹೇಳ್ತೀನಿ, ನಾನು ಹೇಳ್ದೆ ಅನ್ಬೇಡ. ನಾಲ್ಕು ವರ್ಷ ತುಂಬಿದ ಮಗೂಗೆ ಸೆಪ್ಟೆಂಬರಲ್ಲಿ ಪೂರ್ತಿ ದಿನದ ಜಾಗ ಕೊಡ್ಲೇಬೇಕು ಅಂತ ನಿಯಮ ಇದೆ. ಈ ಎರಡು ಗಂಟೆ ಮೂರು ಗಂಟೆ ಎಲ್ಲ ಶಾಲೆಯೋರು ಅವರ ಅನುಕೂಲಕ್ಕೆ ಮಾಡ್ಕೊಂಡಿದ್ದು. ನೀನು ಬೇಕು ಅಂದ್ರೆ ಇಲ್ಲ ಅನ್ನೋ ಹಾಗಿಲ್ಲ."

"ಹಾಗಿದ್ರೆ ಎಲ್ರೂ ಯಾಕೆ ಕೇಳಲ್ಲ?"

"ಯಾಕೆ ಅಂದ್ರೆ ಎಲ್ರೂ ನಿನ್ನ ಥರಾನೇ." ಗೇನರ್ ಅವಳ ತೋಳು ಬಿಟ್ಟಳು. "ನಾಳೆ ಮೂರೂವರೆಗೆ ಬೇಸಿಗೆ ರಜೆಗೆ ಶಾಲೆ ಮುಚ್ಚುತ್ತೆ. ಆಮೇಲೆ ಸೆಪ್ಟೆಂಬರ್‌ವರೆಗೆ ಅಲ್ಲಿ ಫೋನ್ ಎತ್ತೋಕೂ ಒಂದು ನರಪಿಳ್ಳೆ ಇರಲ್ಲ."

ಆ ದಿನ ಇಡೀ ಲೋರ್ನಾ ಮನೆಯಿಂದ ಮನೆಗೆ ಹೋಗುತ್ತಾ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದಳು. ನನಗೆ ಬೇರೆ ದಾರಿ ಇಲ್ಲ. ಬೇಡ, ಅದು ಅಳುವವರ ಮಾತು. ನಿಯಮ ಹೀಗಿದೆ. ಬೇಡ, ಅದು ಜಗಳಗಂಟಿಯ ಮಾತು. ಶಾಲೆಯ ಗೇಟಿನಲ್ಲಿ ಹೆಸರು ಕೆಡಿಸಿಕೊಂಡ ತಾಯಂದಿರನ್ನು ಅವಳು ನೋಡಿದ್ದಳು. ಅವರು ಬಂದರೆ ಉಳಿದವರ ಮಾತು ನಿಲ್ಲುತ್ತದೆ, ಅವರ ಮಕ್ಕಳಿಗೆ ಹುಟ್ಟುಹಬ್ಬದ ಕರೆ ಬರುವುದಿಲ್ಲ. ಏಳು ವರ್ಷ ಟಿಲ್ಲಿ ಅದೇ ಶಾಲೆಯಲ್ಲಿರಬೇಕು.

ಹನ್ನೊಂದು ಗಂಟೆಗೆ ಬ್ಲ್ಯಾನ್‌ಚರ್ಡ್ ಮುದುಕನ ಮನೆ. ಹಿಂದೆ ಮೀನು ಹಿಡಿಯುವ ಹಡಗಿನಲ್ಲಿ ಐಸ್‌ಲ್ಯಾಂಡಿನವರೆಗೆ ಹೋಗಿಬಂದವನು. ಈಗ ಹಾಸಿಗೆಯಿಂದ ಕುರ್ಚಿಗೆ ಬರಲು ಲೋರ್ನಾಳ ಹೆಗಲು ಬೇಕು.

"ಹತ್ತು ನಿಮಿಷ ತಡ," ಎಂದ. "ನಮ್ಮ ಕಾಲದಲ್ಲಾಗಿದ್ರೆ ನಿನ್ನ ದಡದಲ್ಲೇ ಬಿಟ್ಟು ಹೊರಟಿರ್ತಿದ್ವಿ."

"ಬಿಟ್ಟು ಹೋಗಿದ್ರೆ ನಿಮ್ಮ ಕಾಲುಚೀಲ ಯಾರು ಹಾಕ್ತಿದ್ರು?"

"ಅದೂ ನಿಜಾನೇ." ಅವನು ಅವಳ ತಲೆಯನ್ನೇ ನೋಡುತ್ತಾ ಕಾಲು ಚಾಚಿದ. "ಸೆಪ್ಟೆಂಬರಿಂದಲೂ ನೀನೇ ಬರೋದಂತೆ? ಡಯಾನ್ ಹೇಳಿದ್ಲು. ಕಳೆದ ವರ್ಷ ಹನ್ನೆರಡು ಜನ ಬಂದ್ರು ಕಣಮ್ಮಾ. ಹನ್ನೆರಡು. ಪ್ರತಿಯೊಬ್ಬರಿಗೂ ನನ್ನ ಯಾವ ಕಾಲು ನೋಯೋದು ಅಂತ ಮೊದಲಿಂದ ಹೇಳ್ಬೇಕು."

ಲೋರ್ನಾ ಕಾಲುಚೀಲದ ಮೇಲೆಯೇ ಕಣ್ಣಿಟ್ಟಿದ್ದಳು. ಅವಳ ತಾಯಿ ಡಾಕ್ಟರಿಗೆ ಯಾಕೆ ತೊಂದರೆ ಎಂದು ಒಂಬತ್ತು ತಿಂಗಳು ಹೊಟ್ಟೆನೋವು ಇಟ್ಟುಕೊಂಡು ತಿರುಗಿದವಳು. ಕೊನೆಗೆ ತೋರಿಸಿದಾಗ ಡಾಕ್ಟರು ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು. ಅದಕ್ಕೂ ಅಮ್ಮ ಕ್ಷಮಿಸಿ ಎಂದೇ ಹೇಳಿದ್ದಳು. ಆ ಧ್ವನಿ ತನ್ನ ಗಂಟಲಲ್ಲೇ ಕೂತಿದೆ ಎಂದು ಲೋರ್ನಾಳಿಗೆ ಆ ಬೆಳಿಗ್ಗೆ, ಪರರ ಪಾದವನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗ, ಸ್ಪಷ್ಟವಾಗಿ ತಿಳಿಯಿತು. ತಿಳಿದ ಮಾತ್ರಕ್ಕೆ ಭಯವೇನೂ ಕಡಿಮೆಯಾಗಲಿಲ್ಲ.

ಶುಕ್ರವಾರ ಸುತ್ತು ಮುಗಿಸಿ ಶಾಲೆಯ ಅಂಗಳಕ್ಕೆ ಬಂದಾಗ ಆಗಷ್ಟೇ ಮೂರೂಕಾಲು. ಮಕ್ಕಳು ರಟ್ಟಿನ ಕೋಟೆ, ಬಣ್ಣದ ಚೀಲ ಹೊತ್ತು ಹೊರಗೆ ಬರುತ್ತಿದ್ದರು. ಮಿಸ್ ಪಿಕರಿಂಗಳ ಮುಂದೆ ತಾಯಂದಿರ ಸಾಲು. ಎಲ್ಲರ ಕೈಯಲ್ಲೂ ಟೀಚರಿಗೆ ಉಡುಗೊರೆ: ಹೂಗುಚ್ಛ, ಚಾಕೊಲೇಟು, ಲೋಟ. ಲೋರ್ನಾಳ ಕೈ ಖಾಲಿ. ಮೈಮೇಲೆ ಕೆಲಸದ ನೀಲಿ ಅಂಗಿ, ಅದರ ತೋಳಿನ ಮೇಲೆ ಯಾರದೋ ಗಂಜಿಯ ಕಲೆ. ಸಾಲಿನಲ್ಲಿ ನಿಂತಳು. ಹಿಂದೆ ಬಂದವಳೊಬ್ಬಳಿಗೆ, "ನೀವು ಮುಂದೆ ಹೋಗಿ, ನನಗೇನು ಅವಸರ ಇಲ್ಲ," ಎಂದಳು. ಇನ್ನೊಬ್ಬಳನ್ನೂ ಬಿಟ್ಟಳು. ಮೂರನೆಯವಳು ಬಂದಾಗ ನಾಲಿಗೆ ಕಚ್ಚಿಕೊಂಡಳು.

"ಓ, ಟಿಲ್ಲಿ ಅಮ್ಮ!" ಎಂದಳು ಮಿಸ್ ಪಿಕರಿಂಗ್. "ಸೋಫಾ ಹಿಂದಿಂದ ಆಚೆ ಬಂದ್ಲಾ?"

"ಬಂದ್ಲು. ಒಂದು ವಿಷಯ... ಟಿಲ್ಲಿಗೆ ಮೊದಲ ದಿನದಿಂದಲೇ ಪೂರ್ತಿ ದಿನ ಬೇಕು. ಮೂರನೇ ತಾರೀಖಿಂದ."

ಮಿಸ್ ಪಿಕರಿಂಗಳ ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಮನೆಗೆ ಬಂದಾಗ ಹೊಂದುತ್ತೆ ಅಂದ್ರಲ್ಲ?"

"ಅಂದೆ. ಹೊಂದಲ್ಲ. ನೀವು ಕೇಳಿದಾಗ ಹೇಳ್ಬೇಕಿತ್ತು, ಹೇಳ್ಲಿಲ್ಲ, ನನ್ನದೇ ತಪ್ಪು. ನರ್ಸರಿ ಗಂಟೆ ಮೂವತ್ತೊಂದಕ್ಕೆ ನಿಂತುಹೋಗುತ್ತೆ. ಮನೇಲಿ ನೋಡ್ಕೊಳ್ಳೋರು ಯಾರೂ ಇಲ್ಲ."

"ನಾವು ಹೀಗೆ ಮಾಡೋದು ಮಕ್ಕಳ ಒಳ್ಳೇದಕ್ಕೇ..."

"ಗೊತ್ತು. ಆದ್ರೂ ಬೇಕು. ಕೇಳಿದ್ರೆ ಕೊಡಬೇಕು ಅಂತ ಇದೆಯಂತೆ."

ಮಿಸ್ ಪಿಕರಿಂಗ್ ಸುತ್ತ ನೋಡಿ ಅವಳನ್ನು ತರಗತಿಯ ಒಳಗೆ ಕರೆದಳು. ಗೋಡೆಗಳೆಲ್ಲ ಬೋಳು, ಚಿತ್ರ ಕಿತ್ತ ಕಡೆ ಅಂಟಿನ ಗುರುತು. ಮೊಣಕಾಲೆತ್ತರದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಆ ಹುಡುಗಿ ಒಂದು ಮೇಜಿನ ಮೇಲೆಯೇ ಕೂತುಬಿಟ್ಟಳು.

"ಕೇಳಿದ್ರೆ ಕೊಡಬೇಕು, ನಿಜ. ನಾನು ಬಂದ ಮೇಲೆ ಕೇಳಿದೋರು ನೀವೇ ಮೊದಲು. ಆದ್ರೆ ಹೇಗಿರುತ್ತೆ ಅಂತ ಹೇಳ್ಬಿಡ್ತೀನಿ. ಹನ್ನೆರಡು ಗಂಟೆಗೆ ಬಾಕಿ ಮಕ್ಕಳೆಲ್ಲ ಹೋಗ್ತಾರೆ. ಹದಿಮೂರು ದಿನ ಮಧ್ಯಾಹ್ನ ಈ ಕೋಣೇಲಿ ಟಿಲ್ಲಿ ಒಬ್ಬಳೇ ಇರ್ತಾಳೆ. ಮಿಸೆಸ್ ಓಡ್ಲಿಂಗ್ ಅಂತ ಆಯಾ ಜೊತೆಗಿರ್ತಾರೆ. ಒಳ್ಳೆಯೋರು. ಆದ್ರೆ ಮಕ್ಕಳು ಬಾಗಿಲಲ್ಲಿ ಅಮ್ಮಂದಿರ ಕೈ ಹಿಡ್ಕೊಂಡು ಹೋಗೋದನ್ನ ಅವಳು ದಿನಾ ನೋಡ್ತಾಳೆ. ಹುಟ್ಟಿದಬ್ಬ ಆಗಿ ಐದು ದಿನ ಆಗಿರುತ್ತೆ ಅವಳಿಗೆ."

ಈ ಎರಡು ದಿನದಲ್ಲಿ ಲೋರ್ನಾ ಏನೇನೋ ಯೋಚಿಸಿದ್ದಳು, ಈ ಬಾಗಿಲನ್ನು ಯೋಚಿಸಿರಲಿಲ್ಲ. ಈಗ ಅದು ಎದುರಿಗೇ ಇತ್ತು, ಅರ್ಧ ತೆರೆದು. ಹೊರಗೆ ಯಾರದೋ ಮಗು ಅಮ್ಮನ ಕೈ ಜಗ್ಗುತ್ತಿತ್ತು.

"ಆಯ್ತು," ಎಂದಳು. "ಹಾಳೆ ಕೊಡಿ."

ಮಿಸ್ ಪಿಕರಿಂಗ್ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ ಏಳು ನಿಮಿಷ ಬಿಟ್ಟು ಬಂದಳು. ಹಳೆಯ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಮುಂದಿಟ್ಟಳು. "ಊಟ ಆದ್ಮೇಲೆ ಅವಳಿಗೆ ಏನು ಆಡೋದು ಇಷ್ಟ? ಹೇಳಿ, ತೆಗೆದಿಡ್ತೀವಿ," ಎಂದು ಕೇಳಿದಳು. ಆ ದಯೆಯನ್ನು ತಡೆದುಕೊಳ್ಳುವುದೇ ಲೋರ್ನಾಳಿಗೆ ಕಷ್ಟವಾಯಿತು.

ನರ್ಸರಿಯಿಂದ ಟಿಲ್ಲಿಯನ್ನು ಕರೆದುಕೊಂಡು ನೇರವಾಗಿ ಐರಿಸ್ ಮನೆಗೆ ನಡೆದಳು. ಹಿಂಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಆಸ್ಪತ್ರೆಯ ಪತ್ರ, ಪಕ್ಕದಲ್ಲಿ ಫೋನು. ಫೋನಿನಿಂದ ಸಂಗೀತ ಬರುತ್ತಿತ್ತು. ನಡುವೆ ಒಂದು ಹೆಣ್ಣು ಧ್ವನಿ: ಸಾಲಿನಲ್ಲಿ ನೀವು ಆರನೆಯವರು.

"ನೀನು ಶುಕ್ರವಾರದವರೆಗೆ ಅಂದೆ," ಎಂದಳು ಐರಿಸ್. "ಶುಕ್ರವಾರ ನಾಲ್ಕಾಗ್ತಾ ಬಂತು. ಐದಕ್ಕೆ ಇವರೂ ಬಾಗಿಲು ಹಾಕ್ಕೋತಾರೆ."

"ಇಡಿ ಐರಿಸ್, ಫೋನ್ ಇಡಿ. ಶಾಲೆಯೋರು ಒಪ್ಪಿದ್ರು. ಮೊದಲ ದಿನದಿಂದ ಪೂರ್ತಿ ದಿನ."

"ಹ್ಞಾಂ? ಅದು ಹೇಗೆ?"

ಟಿಲ್ಲಿ ತೋಟಕ್ಕೆ ಓಡಿದ ಮೇಲೆ ಲೋರ್ನಾ ಎಲ್ಲ ಹೇಳಿದಳು. ಹದಿಮೂರು ಮಧ್ಯಾಹ್ನದ ಮಾತನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಾಗುತ್ತಿತ್ತು ಎಂದು ಹೇಳುತ್ತಿರುವಾಗಲೇ ಅನಿಸಿತು. ಸಾಲಿನಲ್ಲಿ ನೀವು ಐದನೆಯವರು, ಎಂದಿತು ಫೋನು.

"ಒಬ್ಬಳೇನಾ?" ಐರಿಸಳ ಮುಖ ಗಟ್ಟಿಯಾಯಿತು. "ಮೂರು ವಾರ ಆ ಕೂಸು ಖಾಲಿ ಕೋಣೇಲಿ ಒಬ್ಬಳೇ ಕೂತ್ಕೋಬೇಕಾ, ಅಜ್ಜಿ ಎರಡು ಬೀದಿ ಆಚೆ ಬದುಕಿದ್ದೂ? ಬೇಡ ಕಣೇ. ನನ್ನ ಕೈಲಿ ಆಗುತ್ತೆ. ಕುರ್ಚಿ ಮೇಲೆ ಕೂತೇ ನೋಡ್ಕೋತೀನಿ."

"ಅವಳು ರಸ್ತೆಗೆ ಓಡಿದ್ರೆ? ಕೂತೇ ಹಿಡೀತೀರಾ?"

"ಬಾಯಿ ಇದೆಯಲ್ಲ, ಕೂಗ್ತೀನಿ. ನನ್ನ ಕೂಗಿಗೆ ರಸ್ಸೆಲ್ ಚಿಕ್ಕೋನಿದ್ದಾಗ ಬಂದರಿನಿಂದ ಮನೆಗೆ ಬರ್ತಿದ್ದ."

ನಾಲ್ಕನೆಯವರು.

"ಐರಿಸ್, ಹದಿನಾರು ತಿಂಗಳು ಕಾದಿದೀರಿ. ಮೆಟ್ಟಿಲು ಕೂತು ಇಳೀತೀರಿ. ನಾನು ಅದನ್ನ ದಿನಾ ನೋಡ್ತೀನಿ."

"ಇನ್ನೊಂದು ವರ್ಷ ಕೂತೇ ಇಳೀತೀನಿ. ನಿನಗೇನು ನಷ್ಟ? ಮಗೂನ ಅಳಿಸೋಕೆ ನಿನಗೆ ಮನಸ್ಸಾದ್ರೂ ಹೇಗೆ ಬರುತ್ತೆ?"

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಲೋರ್ನಾ ಕಿಟಕಿಯ ಆಚೆ ನೋಡಿದಳು. ಟಿಲ್ಲಿ ನೀರಿನ ಕ್ಯಾನಿಗೆ ಮಣ್ಣು ತುಂಬುತ್ತಿದ್ದಳು. ಅಳಬಹುದು. ಅಳದಿರಲೂಬಹುದು. ಅದನ್ನು ತಿಳಿದುಕೊಳ್ಳಲು ಸೆಪ್ಟೆಂಬರ್ ಮೂರರ ಹನ್ನೆರಡು ಗಂಟೆ ಬರಬೇಕು.

"ಬರುತ್ತೆ," ಎಂದಳು. "ಅಳ್ತಾಳೆ ಅಂತ ಗೊತ್ತಿದ್ದೇ ಸಹಿ ಹಾಕಿ ಬಂದೆ. ಬೈಯೋದಿದ್ರೆ ಬೈಯಿರಿ. ಫೋನ್ ಮಾತ್ರ ಇಡಿ."

ಮೂರನೆಯವರು. ಐರಿಸಳ ಕೈ ಫೋನಿನ ಮೇಲೆಯೇ ಇತ್ತು, ಮುಚ್ಚಿಟ್ಟ ಹಾಗೆ. ಎರಡನೆಯವರು ಎಂದಾಗ ಆ ಕೈ ಫೋನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಲೋರ್ನಾ ಅತ್ತೆಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಫೋನನ್ನು ಎಳೆದುಕೊಂಡು, ಕೆಂಪು ಗುರುತನ್ನು ಒತ್ತಿದಳು.

ಐರಿಸ್ ಏನಾದರೂ ಕೂಗಾಡುತ್ತಾಳೆಂದು ಲೋರ್ನಾ ಕಾದಳು. ಐರಿಸ್ ಕೂಗಾಡಲಿಲ್ಲ. ಪತ್ರವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕಾಲು ಪೂರ್ತಿ ಕತ್ತರಿಸಿ ತೆಗೆದು ಮತ್ತೆ ಜೋಡಿಸ್ತಾರಂತೆ," ಎಂದಳು ಕೊನೆಗೆ, ಮೇಜಿಗೆ ಹೇಳುವಂತೆ. "ನಮ್ಮ ಕಾರ್ಖಾನೆಯ ಡೊರೀನ್ ಆಪರೇಷನ್ ಮೇಜಿನ ಮೇಲಿಂದ ಎದ್ದೇ ಬರ್ಲಿಲ್ಲ. ಬುಧವಾರ ನೀನು ಬಂದು ನರ್ಸರಿ ವಿಷಯ ಹೇಳಿದಾಗ ನನಗೆ ಏನನ್ನಿಸ್ತು ಗೊತ್ತಾ? ಸದ್ಯ, ಒಂದು ನೆಪ ಸಿಕ್ತು ಅಂತ."

ಲೋರ್ನಾ ಏನೂ ಆಗುವುದಿಲ್ಲ ಎನ್ನಲು ಬಾಯಿ ತೆರೆದಳು, ಅದು ಸುಳ್ಳಾಗಬಹುದು ಎಂದು ಮುಚ್ಚಿದಳು. ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಂತೆ ಕೂತಳು.

"ನನಗೂ ಭಯ ಐರಿಸ್," ಎಂದಳು. "ಎರಡಕ್ಕೂ."

"ಹ್ಞೂಂ," ಎಂದಳು ಐರಿಸ್. "ಹಾಗಾದ್ರೆ ಆ ಪತ್ರ ಗೋಡೆಗೆ ಅಂಟಿಸು. ನನ್ನ ಕೈಗೆ ಸಿಗದ ಹಾಗೆ, ಮೇಲಕ್ಕೆ."